ಮ್ಯಾಜಿಕ್ ಐಟಂ ತಯಾರಿಕೆ: ಉರಿಯೋ ಕತ್ತಿಗೆ ಎಷ್ಟು ದಿನ, ಎಷ್ಟು ಹೊನ್ನು?

ಕುಲುಮೆಕಿಡಿ

ಡಿ ಅಂಡ್ ಡಿ (ಡಂಜನ್ಸ್ ಅಂಡ್ ಡ್ರ್ಯಾಗನ್ಸ್, ಮೇಜಿನ ಸುತ್ತ ಕೂತು ದಾಳ ಉರುಳಿಸಿ ಪಾತ್ರ ವಹಿಸೋ ಕಥೆಯಾಟ), ಐದನೇ ಆವೃತ್ತಿ. ಐದನೇ ಲೆವೆಲ್‌ನ ನಾಲ್ಕು ಪಾತ್ರಗಳು: ವಿಝರ್ಡ್ (ಮಂತ್ರವಾದಿ), ಕ್ಲೆರಿಕ್ (ಪೂಜಾರಿ), ಫೈಟರ್ (ಯೋಧ), ರೋಗ್ (ಕಳ್ಳ). ಕಥೆಯಲ್ಲಿ ಅರವತ್ತು ದಿನ ಬಿಡುವಿದೆ. ತಂಡದ ಚೀಲದಲ್ಲಿ 2,600 ಹೊನ್ನು (ಜಿಪಿ, ಅಂದ್ರೆ ಚಿನ್ನದ ನಾಣ್ಯ, ಅಂತ ಬರೆದು ಬರೆದು ಸಾಕಾಗಿದೆ, ಇಲ್ಲಿ ಹೊನ್ನು ಅಂತಲೇ ಬರೀತೀನಿ). ಬೇಕಾಗಿರೋದು ಮೂರು: ಫೈಟರ್‌ಗೆ ಫ್ಲೇಮ್ ಟಂಗ್ ಕತ್ತಿ, ವಿಝರ್ಡ್‌ಗೆ ವ್ಯಾಂಡ್ ಆಫ್ ಮ್ಯಾಜಿಕ್ ಮಿಸೈಲ್ಸ್ (ಮಂತ್ರದ ಬಾಣ ಬಿಡೋ ಕೋಲು), ಜೊತೆಗೆ ಎಂಟು ಹೀಲಿಂಗ್ ಪೋಷನ್ (ಗಾಯ ವಾಸಿ ಮಾಡೋ ಮದ್ದು).

2014ರ ಡಿಎಂ (ಆಟ ನಡೆಸುವವರ) ಪುಸ್ತಕ ಒಂದು ಹೇಳುತ್ತೆ, 2017ರ ಝನಾಥರ್ ಅನ್ನೋ ಪೂರಕ ಪುಸ್ತಕ ಇನ್ನೊಂದು, 2024ರ ಹೊಸ ಡಿಎಂ ಪುಸ್ತಕ ಮತ್ತೊಂದು. ಯಾವುದನ್ನ ಹಿಡಿಯೋದು? ಬೇರೆ ಗೇಮ್‌ಗಳಲ್ಲಿ ಇದಕ್ಕಿಂತ ಒಳ್ಳೆ ವ್ಯವಸ್ಥೆ ಇದ್ರೆ ಅದೂ ತಿಳಿಸಿ, ಬೇಕಾದಷ್ಟು ಕಿತ್ತುಕೊಳ್ಳೋಣ.

ಲೆಕ್ಕದಪುಸ್ತಕ

ಮೊದಲು ಅಂಕಿಗಳನ್ನು ಒಂದೇ ಕಡೆ ಇಡೋಣ. ವಸ್ತುಗಳ ಅಪರೂಪದ ದರ್ಜೆ ಕೆಳಗಿನಿಂದ ಮೇಲಕ್ಕೆ ಕಾಮನ್, ಅನ್‌ಕಾಮನ್, ರೇರ್, ವೆರಿ ರೇರ್, ಲೆಜೆಂಡರಿ. ಫ್ಲೇಮ್ ಟಂಗ್ ರೇರ್ ದರ್ಜೆ, ವ್ಯಾಂಡ್ ಅನ್‌ಕಾಮನ್.

2014: ಅನ್‌ಕಾಮನ್‌ಗೆ 500 ಹೊನ್ನು, ರೇರ್‌ಗೆ 5,000. ದಿನಕ್ಕೆ ಎಂಟು ಗಂಟೆ ಕೂತರೆ 25 ಹೊನ್ನಿನಷ್ಟು ಕೆಲಸ ಸಾಗುತ್ತದೆ. ಅಂದರೆ ವ್ಯಾಂಡ್‌ಗೆ 20 ದಿನ, ಕತ್ತಿಗೆ 200 ದಿನ. ವೆರಿ ರೇರ್ 50,000 ಹೊನ್ನು, 2,000 ದಿನ. ಲೆಜೆಂಡರಿ 5,00,000 ಹೊನ್ನು, 20,000 ದಿನ, ಹತ್ತಿರಹತ್ತಿರ 55 ವರ್ಷ. ಎಲ್ಫ್ ಆದರೆ ಪರವಾಗಿಲ್ಲ, ಮನುಷ್ಯ ಆದರೆ ಮೊಮ್ಮಗನ ಕೈಗೆ ಸುತ್ತಿಗೆ ಕೊಟ್ಟು ಹೋಗಬೇಕು. ಲೆವೆಲ್ ಮಿತಿಯೂ ಇದೆ: ಕಾಮನ್ ಮತ್ತು ಅನ್‌ಕಾಮನ್‌ಗೆ 3, ರೇರ್‌ಗೆ 6, ವೆರಿ ರೇರ್‌ಗೆ 11, ಲೆಜೆಂಡರಿಗೆ 17. ಹಾಗಾಗಿ ಐದನೇ ಲೆವೆಲ್‌ನವರಿಗೆ ಕತ್ತಿಯ ಬಾಗಿಲು ಇಲ್ಲಿ ಮುಚ್ಚಿದೆ, ದಿನ ಎಣಿಸುವ ಪ್ರಶ್ನೆಯೇ ಬರೋಲ್ಲ.

2017: ಅನ್‌ಕಾಮನ್‌ಗೆ 2 ವಾರ, 200 ಹೊನ್ನು. ರೇರ್‌ಗೆ 10 ವಾರ, 2,000 ಹೊನ್ನು. ವೆರಿ ರೇರ್‌ಗೆ 25 ವಾರ, 20,000. ಲೆಜೆಂಡರಿಗೆ 50 ವಾರ, 1,00,000. ಇಲ್ಲಿ ವಾರ ಅಂದರೆ ಐದು ದಿನದ ಕೆಲಸದ ವಾರ. ಹತ್ತು ವಾರ ಅಂತ ಓದಿ 70 ದಿನ ಲೆಕ್ಕ ಹಾಕುವವರೇ ಹೆಚ್ಚು, ಅದು 50.

2024: ಅನ್‌ಕಾಮನ್ 10 ದಿನ, 200. ರೇರ್ 50 ದಿನ, 2,000. ವೆರಿ ರೇರ್ 125 ದಿನ, 20,000. ಲೆಜೆಂಡರಿ 250 ದಿನ, 1,00,000. ನೋಡಿ, ಇದು 2017ರ ಕೋಷ್ಟಕವೇ, ವಾರವನ್ನು ಐದರಿಂದ ಗುಣಿಸಿದ್ದಾರೆ ಅಷ್ಟೇ.

ಒಟ್ಟು ಖರ್ಚು: ಕತ್ತಿ 2,000, ವ್ಯಾಂಡ್ 200, ಪೋಷನ್ ಒಂದಕ್ಕೆ 25 ಹೊನ್ನು ಮತ್ತು ಒಂದು ದಿನ, ಎಂಟಕ್ಕೆ 200. ಮೊತ್ತ 2,400. ಹಣ ಸಾಕು.

ಗಾಬ್ಲಿನ್‌ಗುಮಾಸ್ತ

ಬಳಸಿ ಮುಗಿಯೋ ವಸ್ತುವಿಗೆ ಹಣವೂ ಸಮಯವೂ ಅರ್ಧ ಅಂತ ನಿಯಮ ಇದೆಯಲ್ಲ. ವ್ಯಾಂಡ್‌ಗೆ ಚಾರ್ಜ್ ಇರುತ್ತೆ, ಖಾಲಿಯಾಗುತ್ತೆ. ಹಾಗಾದ್ರೆ 5 ದಿನ, 100 ಹೊನ್ನು ಸಾಕು ಅಲ್ವಾ?

ಲೆಕ್ಕದಪುಸ್ತಕ

ಇಲ್ಲ. ಐದನೇ ಆವೃತ್ತಿಯ ವ್ಯಾಂಡ್‌ನಲ್ಲಿ ಏಳು ಚಾರ್ಜ್, ಪ್ರತಿ ಬೆಳಗಿನ ಜಾವ 1ಡಿ6+1 (ಆರು ಮುಖದ ಒಂದು ದಾಳದಲ್ಲಿ ಬಂದದ್ದಕ್ಕೆ ಒಂದು ಕೂಡಿಸಿದಷ್ಟು) ವಾಪಸ್ ಬರುತ್ತವೆ. ಅರ್ಧದ ನಿಯಮ ಪೋಷನ್, ಸ್ಕ್ರೋಲ್ (ಮಂತ್ರ ಬರೆದಿಟ್ಟ ಸುರುಳಿ) ಥರದ, ಒಮ್ಮೆ ಬಳಸಿದರೆ ಮುಗಿದೇ ಹೋಗುವ ವಸ್ತುಗಳಿಗೆ. ಅದರಲ್ಲೂ ಹೀಲಿಂಗ್ ಪೋಷನ್‌ಗೆ ಪ್ರತ್ಯೇಕ ದರವೇ ಇದೆ, ಅದನ್ನು ಮತ್ತೆ ಅರ್ಧ ಮಾಡಬೇಡಿ.

ಮಸಿಕುಡಿಕೆ

ಹಣ ಸಾಕು, ದಿನವೂ ಸಾಕು. ಆದರೆ ಕತ್ತಿ ಯಾರು ಮಾಡ್ತಾರೆ? ಎಲ್ಲರೂ ಎಡವುವುದು ಇಲ್ಲೇ, ಕೋಷ್ಟಕದಲ್ಲಲ್ಲ.

2017ರ ನಿಯಮದಲ್ಲಿ ಆ ಕೆಲಸಕ್ಕೆ ತಕ್ಕ ಸಲಕರಣೆಯ ಪ್ರೊಫಿಷಿಯೆನ್ಸಿ (ಪರಿಣತಿ) ಅಥವಾ ಆರ್ಕಾನಾ (ಮಂತ್ರವಿದ್ಯೆಯ ಜ್ಞಾನ) ಇದ್ದರೆ ಸಾಕು. 2024ರಲ್ಲಿ ಆ "ಅಥವಾ" ಹೋಗಿ "ಮತ್ತು" ಆಗಿದೆ: ಆರ್ಕಾನಾ ಬೇಕು, ಸಲಕರಣೆಯೂ ಬೇಕು. ಆಯುಧಕ್ಕೆ ಕಮ್ಮಾರನ, ಚರ್ಮಗಾರನ ಅಥವಾ ಮರಕೆತ್ತನೆಯ ಸಲಕರಣೆ. ವ್ಯಾಂಡ್‌ಗೆ ಮರಕೆತ್ತನೆ. ಉಂಗುರಕ್ಕೆ ಅಕ್ಕಸಾಲಿಗನದು. ಸ್ಕ್ರೋಲ್‌ಗೆ ಕ್ಯಾಲಿಗ್ರಫಿ. ಪೋಷನ್‌ಗೆ ಆಲ್ಕೆಮಿ ಸಾಮಾನು ಅಥವಾ ಗಿಡಮೂಲಿಕೆ ಕಿಟ್. ಲೋಹದ ಕತ್ತಿಗೆ ಮರಕೆತ್ತನೆ ಸಾಕು ಅಂತ ವಾದಿಸುವವರು ಬರ್ತಾರೆ, ಆ ಪಟ್ಟಿ ಬಿಲ್ಲು ಚಾಟಿ ಎಲ್ಲ ಸೇರಿಸಿ ಮಾಡಿದ್ದು ಅಂತ ಹೇಳಿ ಕಳಿಸಿ.

ಸಾಮಾನ್ಯವಾಗಿ ಆರ್ಕಾನಾ ಇರೋದು ವಿಝರ್ಡ್‌ಗೆ, ಕಮ್ಮಾರಿಕೆ ಫೈಟರ್‌ಗೆ. 2024ರ ಪ್ರಕಾರ ಇಬ್ಬರಲ್ಲಿ ಯಾರೂ ಒಬ್ಬರೇ ಮುಖ್ಯ ತಯಾರಕರಾಗಲು ಅರ್ಹರಲ್ಲ. ಕಲಿಯೋಣ ಅಂದರೆ 2017ರ ತರಬೇತಿ ನಿಯಮದಲ್ಲಿ ಒಂದು ಸಲಕರಣೆಗೆ ಹತ್ತು ವಾರ, ಅದರಿಂದ ಇಂಟೆಲಿಜೆನ್ಸ್ ಮಾಡಿಫೈಯರ್ (ಬುದ್ಧಿಯ ಅಂಕಕ್ಕೆ ಸಿಗುವ ಬೋನಸ್, 18ಕ್ಕೆ 4) ಕಳೆಯಿರಿ, ವಾರಕ್ಕೆ 25 ಹೊನ್ನು. ಇಂಟ್ 18 ಇರೋ ವಿಝರ್ಡ್‌ಗೆ ಆರು ವಾರ, ಅಂದರೆ 30 ದಿನ, 150 ಹೊನ್ನು. ಆಮೇಲೆ ಕತ್ತಿಗೆ 50. ಒಟ್ಟು 80 ದಿನ. ನಿಮ್ಮ ಬಿಡುವು 60.

ಇನ್ನೊಂದು. ವಸ್ತು ಸ್ಪೆಲ್ (ಮಂತ್ರ) ಹಾಕುವಂಥದ್ದಾದರೆ 2024ರಲ್ಲಿ ತಯಾರಿಸುವ ಪ್ರತಿದಿನವೂ ಆ ಸ್ಪೆಲ್ ಪ್ರಿಪೇರ್ ಆಗಿರಬೇಕು, ಅಂದರೆ ಅವತ್ತಿಗೆ ಸಿದ್ಧವಾಗಿರಬೇಕು. 2014ರಲ್ಲಿ ದಿನಕ್ಕೊಂದು ಸ್ಪೆಲ್ ಸ್ಲಾಟ್ (ದಿನಕ್ಕೆ ಇಷ್ಟೇ ಸ್ಪೆಲ್ ಅನ್ನೋ ಪಾಲಿನಲ್ಲಿ ಒಂದು) ಖರ್ಚೇ ಆಗುತ್ತಿತ್ತು. ಮ್ಯಾಜಿಕ್ ಮಿಸೈಲ್ ಗೊತ್ತಿಲ್ಲದ ವಿಝರ್ಡ್ ಹತ್ತು ದಿನ ಕೆತ್ತಿದರೂ ಸಿಗೋದು ಕೋಲು. ಫ್ಲೇಮ್ ಟಂಗ್ ಯಾವ ಸ್ಪೆಲ್ಲನ್ನೂ ಹಾಕುವುದಿಲ್ಲ, ಬೆಂಕಿ ಅದರದೇ ಗುಣ. ಹಾಗಾಗಿ ಕತ್ತಿಗೆ ಈ ಷರತ್ತು ತಗಲುವುದಿಲ್ಲ.

ಕುಲುಮೆಕಿಡಿ

"ಅಥವಾ" "ಮತ್ತು" ನಡುವಿನ ವ್ಯತ್ಯಾಸ ನೋಡೇ ಇರಲಿಲ್ಲ. ಹಾಗಾದ್ರೆ 2017ರದ್ದೇ ಹಿಡಿದು ಫೈಟರ್ ಕೈಯಲ್ಲೇ ಮಾಡಿಸಿದ್ರೆ?

ಮಸಿಕುಡಿಕೆ

ಆಗುತ್ತೆ. ಆದರೆ 2017ರಲ್ಲಿ ಇನ್ನೆರಡು ಬೀಗ ಇವೆ. ಒಂದು, ಆ ವಸ್ತುವಿನ ಫಾರ್ಮುಲಾ ಕೈಯಲ್ಲಿರಬೇಕು. ಎರಡು, ಒಂದು ಅಪರೂಪದ ಕಚ್ಚಾ ಸಾಮಗ್ರಿ ಬೇಕು, ಅದನ್ನು ಪಡೆಯಲು ಎದುರಿಸಬೇಕಾದ ಪ್ರಾಣಿಯ ಚಾಲೆಂಜ್ ರೇಟಿಂಗ್ (ಎಷ್ಟು ಅಪಾಯಕಾರಿ ಅನ್ನೋ ಅಂಕ) ನಿಗದಿಯಾಗಿದೆ: ಕಾಮನ್‌ಗೆ 1–3, ಅನ್‌ಕಾಮನ್‌ಗೆ 4–8, ರೇರ್‌ಗೆ 9–12, ವೆರಿ ರೇರ್‌ಗೆ 13–18, ಲೆಜೆಂಡರಿಗೆ 19 ಮತ್ತು ಮೇಲೆ.

ಉರಿಯೋ ಕತ್ತಿಗೆ ಸಹಜವಾಗಿ ಹೊಳೆಯೋದು ಫೈರ್ ಜಯಂಟ್ (9) ಅಥವಾ ಯಂಗ್ ರೆಡ್ ಡ್ರ್ಯಾಗನ್ (10). 2014ರ ಲೆಕ್ಕದಲ್ಲಿ ಐದನೇ ಲೆವೆಲ್‌ನ ನಾಲ್ವರಿಗೆ ಡೆಡ್ಲಿ (ಪ್ರಾಣಾಪಾಯದ ಕಾಳಗ) ಗೆರೆ 4,400 ಎಕ್ಸ್‌ಪಿ (ಅನುಭವದ ಅಂಕ, ಶತ್ರುವಿನ ಬಲವನ್ನೂ ಅದರಲ್ಲೇ ಅಳೆಯೋದು). ಫೈರ್ ಜಯಂಟ್ 5,000, ಡ್ರ್ಯಾಗನ್ 5,900. ಎರಡೂ ಗೆರೆ ದಾಟಿವೆ. ಡ್ರ್ಯಾಗನ್ ಬಾಯಿಬಿಟ್ಟರೆ 16ಡಿ6 ಪೆಟ್ಟು, ಸರಾಸರಿ 56. ಕಾನ್ (ಮೈಕಟ್ಟಿನ ಅಂಕ) 14 ಇರುವ ಐದನೇ ಲೆವೆಲ್ ವಿಝರ್ಡ್‌ಗೆ ಇರೋದೇ 32 ಹಿಟ್ ಪಾಯಿಂಟ್ (ಪ್ರಾಣಬಲ). ಸೇವ್ (ತಪ್ಪಿಸಿಕೊಳ್ಳುವ ದಾಳ) ತಪ್ಪಿದರೆ ಒಂದೇ ಉಸಿರಿಗೆ ನೆಲಕ್ಕೆ.

ಸಾಮಗ್ರಿ ಅಂದ ತಕ್ಷಣ ಕೊಂದು ಕೀಳಬೇಕು ಅಂತೇನಿಲ್ಲ. ಜಯಂಟ್‌ನ ಕುಲುಮೆಯಿಂದ ಇದ್ದಿಲು ಕದಿಯೋದು ರೋಗ್‌ನ ಕೆಲಸ, ಆ ಜಯಂಟ್ ಎದುರಾಳಿಯಾಗಿ ಅಲ್ಲೇ ಓಡಾಡ್ತಾ ಇದ್ದರೆ ನಿಯಮಕ್ಕೂ ಮೋಸವಿಲ್ಲ.

ಹಳೇದಾಳ

ಐದನೇ ಆವೃತ್ತಿಯವರು ಇಷ್ಟು ಒದ್ದಾಡೋದಕ್ಕೆ ಕಾರಣ, ಅಲ್ಲಿ ದರ್ಜೆಗೆ ಬೆಲೆ, ವಸ್ತುವಿಗಲ್ಲ. ಒಂದೇ ರೇರ್ ದರ್ಜೆಯಲ್ಲಿ ಒಳ್ಳೇದೂ ಇದೆ, ಕಸವೂ ಇದೆ. ಡಿ ಅಂಡ್ ಡಿಯ ಹಳೇ 3.5 ಆವೃತ್ತಿಯಲ್ಲಿ (2003) ಪ್ರತಿ ವಸ್ತುವಿಗೂ ಲೆಕ್ಕವಿತ್ತು.

ನಿಯಮ ನಾಲ್ಕೇ ಸಾಲು: ತಕ್ಕ ಫೀಟ್ (ಪಾತ್ರ ಕಲಿತ ವಿಶೇಷ ಸಾಮರ್ಥ್ಯ) ಇರಬೇಕು. ಮೂಲಬೆಲೆಯ ಅರ್ಧ ಕಚ್ಚಾ ಸಾಮಗ್ರಿಗೆ. ಮೂಲಬೆಲೆಯ 25ನೇ ಒಂದು ಭಾಗ ಎಕ್ಸ್‌ಪಿ. ಪ್ರತಿ 1,000 ಹೊನ್ನಿಗೆ ಒಂದು ದಿನ.

ಫೀಟ್‌ಗಳಿಗೆ ಬೇಕಾದ ಕ್ಯಾಸ್ಟರ್ ಲೆವೆಲ್ (ಮಂತ್ರ ಹಾಕುವವನ ಲೆವೆಲ್): ಸ್ಕ್ರೈಬ್ ಸ್ಕ್ರೋಲ್ 1, ಬ್ರೂ ಪೋಷನ್ ಮತ್ತು ಕ್ರಾಫ್ಟ್ ವಂಡ್ರಸ್ ಐಟಂ 3, ಆರ್ಮ್ಸ್ ಅಂಡ್ ಆರ್ಮರ್ ಮತ್ತು ವ್ಯಾಂಡ್ 5, ರಾಡ್ 9, ಸ್ಟಾಫ್ ಮತ್ತು ಫೋರ್ಜ್ ರಿಂಗ್ 12.

ಉದಾಹರಣೆಗೆ +1 ಲಾಂಗ್‌ಸ್ವೋರ್ಡ್. ಸಾದಾ ಕತ್ತಿ 15, ಮಾಸ್ಟರ್‌ವರ್ಕ್ (ಅತ್ಯುತ್ತಮ ಕೈಕೆಲಸ) 300, ಮ್ಯಾಜಿಕ್ ಬೋನಸ್‌ನ ವರ್ಗ ಗುಣಿಸು 2,000, ಅಂದರೆ 2,000. ಅಂಗಡಿ ಬೆಲೆ 2,315. ಮಾಡಿಕೊಂಡರೆ 315 + 1,000 = 1,315 ಹೊನ್ನು, 80 ಎಕ್ಸ್‌ಪಿ, ಎರಡು ದಿನ. ಮಾಸ್ಟರ್‌ವರ್ಕ್ ಭಾಗಕ್ಕೆ ಅರ್ಧ ಬೆಲೆ ಇಲ್ಲ. ಇದನ್ನ ಮರೆತು 2,315ನ್ನೇ ಅರ್ಧ ಮಾಡುವವರು ಪ್ರತಿ ಟೇಬಲ್‌ನಲ್ಲೂ ಒಬ್ಬರಿರ್ತಾರೆ.

ಅದಕ್ಕೆ ಫ್ಲೇಮಿಂಗ್ (ಉರಿಯುವ ಗುಣ) ಸೇರಿಸಿದರೆ ಅದು +2ಕ್ಕೆ ಸಮ: 2ರ ವರ್ಗ 4, ಗುಣಿಸು 2,000, ಅಂದರೆ 8,000. ತಯಾರಿಗೆ 4,315 ಹೊನ್ನು, 320 ಎಕ್ಸ್‌ಪಿ, ಎಂಟು ದಿನ.

ಇಪ್ಪತ್ತುಮುಖ

ಎಕ್ಸ್‌ಪಿ ಖರ್ಚು ಮಾಡಿದ್ರೆ ಲೆವೆಲ್ ಇಳಿಯುತ್ತಾ?

ಹಳೇದಾಳ

ಇಳಿಯೋದಿಲ್ಲ, ಇಳಿಸುವಷ್ಟು ಖರ್ಚು ಮಾಡೋಕೇ ನಿಯಮ ಬಿಡೋದಿಲ್ಲ. ಐದನೇ ಲೆವೆಲ್ ಶುರುವಾಗೋದು 10,000ಕ್ಕೆ. ಕೈಯಲ್ಲಿ 10,200 ಇದ್ದರೆ ಖರ್ಚಿಗೆ ಸಿಗೋದು 200 ಮಾತ್ರ, ಫ್ಲೇಮಿಂಗ್ ಕತ್ತಿಯ 320 ಕಟ್ಟೋಕಾಗಲ್ಲ. ಇನ್ನು 3.5ರಲ್ಲಿ ಒಂದೇ ಕಾಳಗಕ್ಕೆ ಕೆಳಗಿನ ಲೆವೆಲ್‌ನವನಿಗೆ ಹೆಚ್ಚು ಎಕ್ಸ್‌ಪಿ ಸಿಗುತ್ತೆ. ತಯಾರಿಸಿ ಒಂದು ಲೆವೆಲ್ ಹಿಂದೆ ಬಿದ್ದವನು ತಾನಾಗೇ ಉಳಿದವರ ಹತ್ತಿರ ಬರ್ತಾನೆ. ಎಕ್ಸ್‌ಪಿ ದಂಡ ಅಂತ ಕಾಣಿಸಿದರೂ, ಬಾವಿಯಲ್ಲಿ ಒಂದು ಕೊಡ ಸೇದಿದ ಹಾಗೆ: ನೀರು ಮತ್ತೆ ಊರುತ್ತೆ. ತಡೆ ಅಂತ ಇಟ್ಟಿದ್ದು ತಡೆಯಲೇ ಇಲ್ಲ.

ಲೆಕ್ಕದಪುಸ್ತಕ

3.5ರ ಸೂತ್ರವನ್ನು ಹೊಗಳುವ ಮುಂಚೆ ಅದರ ತೂತುಗಳನ್ನೂ ನೋಡಿ.

ಸ್ಪೆಲ್ ಇರುವ ವಸ್ತುವಿಗೆ ಸ್ಪೆಲ್ ಲೆವೆಲ್ × ಕ್ಯಾಸ್ಟರ್ ಲೆವೆಲ್ × ಒಂದು ಸಂಖ್ಯೆ. ಸ್ಕ್ರೋಲ್‌ಗೆ 25, ಪೋಷನ್‌ಗೆ 50, ಐವತ್ತು ಚಾರ್ಜ್‌ನ ವ್ಯಾಂಡ್‌ಗೆ 750, ಕಮಾಂಡ್ ಪದ ಹೇಳಿದಾಗ ನಡೆಯುವುದಕ್ಕೆ 1,800, ಸದಾ ನಡೆಯುವುದಕ್ಕೆ 2,000.

ಕ್ಯೂರ್ ಲೈಟ್ ವೂಂಡ್ಸ್ ಪೋಷನ್ 50 ಹೊನ್ನು, ಸರಾಸರಿ 5.5 ಹಿಟ್ ಪಾಯಿಂಟ್ ವಾಸಿ ಮಾಡುತ್ತೆ. ಅದೇ ಸ್ಪೆಲ್‌ನ ವ್ಯಾಂಡ್ 750 ಹೊನ್ನು, ಐವತ್ತು ಸಲಕ್ಕೆ 275 ಹಿಟ್ ಪಾಯಿಂಟ್. ಒಂದು ಸಲಕ್ಕೆ ಬೀಳೋದು 15 ಹೊನ್ನು. ನೀವೇ ಮಾಡಿದರೆ 375 ಹೊನ್ನು, 30 ಎಕ್ಸ್‌ಪಿ, ಒಂದು ದಿನ. ಕಾಳಗ ಮುಗಿದ ಮೇಲೆ ಗಾಯಕ್ಕೆ ಅಂತ ಪೋಷನ್ ಕುಡಿಯುವುದು ಆ ಆವೃತ್ತಿಯಲ್ಲಿ ಶುದ್ಧ ದುಂದು.

ಅದಕ್ಕಿಂತ ಕುಖ್ಯಾತವಾದದ್ದು ಟ್ರೂ ಸ್ಟ್ರೈಕ್ ಉಂಗುರ. ಒಂದನೇ ಲೆವೆಲ್ ಸ್ಪೆಲ್, ಮುಂದಿನ ಒಂದು ಏಟಿಗೆ +20. "ಸದಾ ನಡೆಯುವ" ಸೂತ್ರಕ್ಕೆ ಹಾಕಿ: 1 × 1 × 2,000 = 2,000 ಹೊನ್ನು. ಅದೇ ಹಣಕ್ಕೆ ಆಯುಧದ ಸೂತ್ರದಲ್ಲಿ ಬರೋದು +1. ಆಯುಧದ +5ಕ್ಕೇ 50,000 ಕೊಡಬೇಕು. ಸೂತ್ರದಲ್ಲಿ ಏನೂ ತಪ್ಪು ಲೆಕ್ಕ ಇಲ್ಲ, ಸೂತ್ರಕ್ಕೆ ಆ ಸ್ಪೆಲ್ ಏನು ಮಾಡುತ್ತೆ ಅಂತ ಗೊತ್ತಿಲ್ಲ, ಅಷ್ಟೇ. ಬೆಲೆ ಕಟ್ಟುವ ಕ್ರಮ ಹೀಗಿರಲಿ: ಮೊದಲು ಅದೇ ಪರಿಣಾಮದ, ಈಗಾಗಲೇ ಪುಸ್ತಕದಲ್ಲಿರುವ ವಸ್ತು ಹುಡುಕಿ. ಸಿಕ್ಕಿತೋ, ಅದರ ಬೆಲೆಯೇ ಬೆಲೆ. ಸಿಗದಿದ್ದರೆ ಬೋನಸ್‌ನ ಸೂತ್ರ: ಸೇವ್‌ಗೆ ವರ್ಗ × 1,000, ಡಿಫ್ಲೆಕ್ಷನ್‌ಗೆ (ಏಟು ತಿರುಗಿಸುವ ರಕ್ಷಣೆಗೆ) ವರ್ಗ × 2,000, ಸ್ಕಿಲ್‌ಗೆ ವರ್ಗ × 100. ಅದೂ ಹೊಂದದಿದ್ದರೆ ಕೊನೆಗೆ ಸ್ಪೆಲ್ ಸೂತ್ರ. ಮೈಮೇಲೆ ಯಾವ ಜಾಗವನ್ನೂ ಆಕ್ರಮಿಸದ ವಸ್ತುವಿಗೆ ಬೆಲೆ ಎರಡು ಪಟ್ಟು. ಒಂದೇ ವಸ್ತುವಿಗೆ ಎರಡನೇ ಬೇರೆ ಶಕ್ತಿ ತುಂಬಿದರೆ ಕಡಿಮೆ ಬೆಲೆಯದಕ್ಕೆ ಒಂದೂವರೆ ಪಟ್ಟು.

ಗಾಬ್ಲಿನ್‌ಗುಮಾಸ್ತ

ಪಾತ್‌ಫೈಂಡರ್ ಅನ್ನೋ ಇನ್ನೊಂದು ಆಟದ ಮೊದಲ ಆವೃತ್ತಿಯಲ್ಲಿ (2009) ಎಕ್ಸ್‌ಪಿ ಖರ್ಚನ್ನೇ ತೆಗೆದುಬಿಟ್ರು. ಅದು ಸರಿಯಾದ ದಾರಿ ಅಲ್ವಾ?

ಹಳೇದಾಳ

ಎಕ್ಸ್‌ಪಿ ತೆಗೆದು ದಾಳ ತಂದರು. ಸ್ಪೆಲ್‌ಕ್ರಾಫ್ಟ್ ಚೆಕ್ (ಇಪ್ಪತ್ತು ಮುಖದ ದಾಳಕ್ಕೆ ಆ ವಿದ್ಯೆಯ ಬೋನಸ್ ಕೂಡಿಸೋದು), ಡಿಸಿ (ಮುಟ್ಟಬೇಕಾದ ಅಂಕ) 5 + ವಸ್ತುವಿನ ಕ್ಯಾಸ್ಟರ್ ಲೆವೆಲ್. ಇಲ್ಲದ ಪ್ರತಿ ಪೂರ್ವಾರ್ಹತೆಗೆ +5. ಫೀಟ್ ಇಲ್ಲದೆ ಮಾಡೋಕಾಗಲ್ಲ. ಸ್ಕ್ರೋಲ್, ವ್ಯಾಂಡ್, ಪೋಷನ್‌ಗಳಲ್ಲಿ ಸ್ಪೆಲ್ಲನ್ನೂ ಬಿಡೋ ಹಾಗಿಲ್ಲ. ಉಳಿದದ್ದನ್ನು +5 ಕೊಟ್ಟು ದಾಟಬಹುದು.

ಕೇಳಿದ ಕತ್ತಿಯನ್ನೇ ಇಟ್ಟು ನೋಡೋಣ. +1 ಫ್ಲೇಮಿಂಗ್, ಕ್ಯಾಸ್ಟರ್ ಲೆವೆಲ್ 10. ಸಾಮಾನ್ಯವಾಗಿ ವಸ್ತುವಿನ ಕ್ಯಾಸ್ಟರ್ ಲೆವೆಲ್ ಪೂರ್ವಾರ್ಹತೆ ಅಲ್ಲ, ಆಯುಧ ಮತ್ತು ಕವಚಕ್ಕೆ ಮಾತ್ರ ಅಪವಾದ ಇದೆ. ನಮ್ಮ ವಿಝರ್ಡ್ ಐದನೇ ಲೆವೆಲ್, ಹಾಗಾಗಿ ಒಂದು ಅರ್ಹತೆ ಕಡಿಮೆ. ಫೈರ್‌ಬಾಲ್ ಗೊತ್ತಿದೆ ಅಂತ ಇಟ್ಟುಕೊಳ್ಳಿ, ಸ್ಪೆಲ್ ಷರತ್ತು ಮುಗೀತು. ಡಿಸಿ 5 + 10 + 5 = 20. ಅವನ ಸ್ಪೆಲ್‌ಕ್ರಾಫ್ಟ್: ಐದು ರ‍್ಯಾಂಕ್, ಕ್ಲಾಸ್ ಸ್ಕಿಲ್‌ಗೆ 3, ಇಂಟ್ 18ಕ್ಕೆ 4, ಒಟ್ಟು +12. ಟೇಕ್ 10 (10 ಬಿದ್ದ ಹಾಗೆ ಎಣಿಸೋದು) ಮಾಡಿದರೆ 22. ದಾಳ ಉರುಳಿಸದೆ ಪಾಸು.

ಈಗ ಅವಸರ ಮಾಡಿ. 1,000 ಹೊನ್ನಿನ ಕೆಲಸವನ್ನು ನಾಲ್ಕೇ ಗಂಟೆಯಲ್ಲಿ ಮುಗಿಸಬೇಕು ಅಂದರೆ ಡಿಸಿಗೆ ಇನ್ನೂ +5. ಎಂಟು ದಿನ ನಾಲ್ಕಾಗುತ್ತೆ, ಡಿಸಿ 25 ಆಗುತ್ತೆ. ಟೇಕ್ 10 ಸಾಲದು, ಉರುಳಿಸಲೇಬೇಕು. 13 ಅಥವಾ ಮೇಲೆ ಬಿದ್ದರೆ ಗೆಲುವು: ನೂರಕ್ಕೆ 40. 9ರಿಂದ 12 ಬಿದ್ದರೆ ಸಾಮಗ್ರಿ ವ್ಯರ್ಥ: ನೂರಕ್ಕೆ 20. 8 ಅಥವಾ ಕೆಳಗೆ ಬಿದ್ದರೆ ಐದು ಅಥವಾ ಹೆಚ್ಚು ಅಂತರದಿಂದ ಸೋತ ಹಾಗೆ, ಶಾಪಗ್ರಸ್ತ ಕತ್ತಿ: ಇನ್ನೊಂದು 40. ನಾಲ್ಕು ದಿನ ಉಳಿಸೋಕೆ ನಾಲ್ಕು ಸಾವಿರ ಹೊನ್ನನ್ನು ಇಂಥ ದಾಳಕ್ಕೆ ಒಡ್ಡೋದು ಬುದ್ಧಿವಂತಿಕೆ ಅಲ್ಲ, ಆದರೂ ಆಟಗಾರರು ಒಡ್ತಾರೆ. ಆ ವ್ಯವಸ್ಥೆಯ ಸೊಗಸು ಇಷ್ಟೇ: ನಿಧಾನಕ್ಕೆ ಮಾಡೋನಿಗೆ ಸೋಲೇ ಇಲ್ಲ, ಆತುರಗಾರನಿಗೆ ಮಾತ್ರ ಬುದ್ಧಿ ಕಲಿಸುತ್ತೆ. ಕೆಡುಕೂ ಅದೇ. ಬಿಡುವು ಧಾರಾಳವಾಗಿದ್ದರೆ ಇಡೀ ತಂಡದ ಸಂಪತ್ತು ಎರಡು ಪಟ್ಟು, ಯಾಕಂದ್ರೆ ಎಲ್ಲವೂ ಅರ್ಧ ಬೆಲೆಗೆ.

ರೂನ್‌ರಾಶಿ

ಆ "ಅರ್ಧ ಬೆಲೆ"ಯನ್ನು ಕೊಂದದ್ದು ಪಾತ್‌ಫೈಂಡರ್ ಎರಡನೇ ಆವೃತ್ತಿ (2019). ಜನ ಬೈಯೋದೂ ಅದಕ್ಕೇ.

ನಾಲ್ಕು ದಿನ ಸಿದ್ಧತೆ, ಶುರುವಿಗೆ ಅರ್ಧ ಬೆಲೆಯ ಸಾಮಗ್ರಿ, ಆಮೇಲೆ ಕ್ರಾಫ್ಟಿಂಗ್ ಚೆಕ್. ಗೆದ್ದರೆ ಎರಡು ದಾರಿ: ಉಳಿದರ್ಧ ಕಟ್ಟಿ ಈಗಲೇ ಮುಗಿಸಿ, ಅಥವಾ ದಿನದಿನ ಕೆಲಸ ಮಾಡಿ ಆ ಮೊತ್ತವನ್ನು ಇಳಿಸುತ್ತಾ ಹೋಗಿ. ಇಳಿಯುವ ವೇಗ ಅರ್ನ್ ಇನ್‌ಕಮ್ (ದಿನಗೂಲಿ) ಕೋಷ್ಟಕದ್ದೇ. ಕ್ರಿಟಿಕಲ್ ಆಗಿ ಸೋತರೆ ಸಾಮಗ್ರಿಯ ನೂರಕ್ಕೆ ಹತ್ತು ಹಾಳು, ಅಷ್ಟೇ.

ಸ್ಟ್ರೈಕಿಂಗ್ ರೂನ್ (ರೂನ್ ಅಂದರೆ ಆಯುಧಕ್ಕೆ ಹಾಕುವ ಮಂತ್ರದ ಗುರುತು) ತೆಗೆದುಕೊಳ್ಳಿ: ಲೆವೆಲ್ 4, ಬೆಲೆ 65 ಹೊನ್ನು, ಡಿಸಿ 19. ನಾಲ್ಕನೇ ಲೆವೆಲ್‌ನ ಎಕ್ಸ್‌ಪರ್ಟ್ ದಿನಕ್ಕೆ 8 ಬೆಳ್ಳಿ ಇಳಿಸಬಲ್ಲ. ಉಳಿದರ್ಧ 32.5 ಹೊನ್ನು, ಅಂದರೆ 325 ಬೆಳ್ಳಿ. ಭಾಗಿಸಿದರೆ 41 ದಿನ, ಸಿದ್ಧತೆಯ ನಾಲ್ಕು ಸೇರಿ 45. ಅದೇ 41 ದಿನ ಬೇರೆಯವರ ಕುಲುಮೆಯಲ್ಲಿ ಕೂಲಿ ಮಾಡಿದ್ದರೂ ಅಷ್ಟೇ ದುಡ್ಡು ಕೈಗೆ ಬರ್ತಿತ್ತು. ತಯಾರಿಕೆಯಲ್ಲಿ ಲಾಭ ಇಲ್ಲ ಅಂತ ದೂರುತ್ತಾರೆ. ಲಾಭ ಇರಬಾರದು ಅಂತಲೇ ಹಾಗೆ ಕಟ್ಟಿದ್ದು. ಸಿಗೋದು ಲಾಭ ಅಲ್ಲ, ಲಭ್ಯತೆ: ಅಂಗಡಿಯೇ ಇಲ್ಲದ ಕಡೆ ಬೇಕಾದ ವಸ್ತು.

2023ರ ರೀಮಾಸ್ಟರ್‌ನಲ್ಲಿ (ಅದೇ ಆವೃತ್ತಿಯನ್ನು ತಿದ್ದಿ ತಂದದ್ದು) ಸಿದ್ಧತೆ ಎರಡು ದಿನಕ್ಕೆ, ಫಾರ್ಮುಲಾ ಇದ್ದರೆ ಒಂದು ದಿನಕ್ಕೆ ಇಳಿದಿದೆ. ಅದರಿಂದ ಆಟದ ನಡುವೆ ತಯಾರಿಕೆ ನಿಜವಾಗಿ ಬಳಕೆಗೆ ಬಂತು.

ಇಲ್ಲಿ ಉರಿಯೋ ಕತ್ತಿ ಬೇಕು ಅಂದರೆ ಫ್ಲೇಮಿಂಗ್ ರೂನ್ ಲೆವೆಲ್ 8, ಬೆಲೆ 500 ಹೊನ್ನು. ನಿಮ್ಮ ಲೆವೆಲ್‌ಗಿಂತ ಮೇಲಿನದನ್ನು ಮಾಡುವ ಹಾಗಿಲ್ಲ, ಹಾಗಾಗಿ ಐದನೇ ಲೆವೆಲ್‌ಗೆ ಸಿಗೋದಿಲ್ಲ. ಕತ್ತಿಯಲ್ಲಿ ಮೊದಲೇ ವೆಪನ್ ಪೊಟೆನ್ಸಿ ರೂನ್ (+1 ಥರದ ಬೋನಸ್ ಕೊಡೋದು) ಇರಬೇಕು, +1ಕ್ಕೆ ಫ್ಲೇಮಿಂಗ್ ಥರದ ಪ್ರಾಪರ್ಟಿ ರೂನ್ ಒಂದೇ ಹಿಡಿಸುತ್ತೆ. ಆದರೆ ಸೋಲಿಸಿದ ಶತ್ರುವಿನ ಆಯುಧದಲ್ಲಿರುವ ರೂನ್ ಕಿತ್ತು ನಿಮ್ಮದಕ್ಕೆ ಹಾಕಬಹುದು: ಒಂದು ದಿನ, ರೂನ್ ಬೆಲೆಯ ನೂರಕ್ಕೆ ಹತ್ತು. ಅಜ್ಜನ ಕತ್ತಿಯನ್ನು ಎಸೆಯದೆ ಕೊನೆಯವರೆಗೂ ಉಳಿಸಿಕೊಳ್ಳುವ ದಾರಿ ಇದು. ಕದಿಯುವುದಾದರೆ ಈ ಒಂದು ನಿಯಮ ಕದಿಯಿರಿ.

ಇಪ್ಪತ್ತುಮುಖ

ಡಿ ಅಂಡ್ ಡಿಯ ನಾಲ್ಕನೇ ಆವೃತ್ತಿ ಯಾರಿಗೂ ನೆನಪಿಲ್ವಾ? 2008. ಎನ್‌ಚಾಂಟ್ ಮ್ಯಾಜಿಕ್ ಐಟಂ ಅನ್ನೋ ರಿಚುಯಲ್ (ಮಂತ್ರವಿಧಿ), ಒಂದೇ ಗಂಟೆ. ಖರ್ಚು ವಸ್ತುವಿನ ಪೂರ್ತಿ ಬೆಲೆ. ಬೇಡದ ವಸ್ತುವನ್ನು ಡಿಸೆನ್‌ಚಾಂಟ್ ಮಾಡಿದರೆ (ಮಂತ್ರಶಕ್ತಿ ಕಿತ್ತರೆ) ಬೆಲೆಯ ಐದನೇ ಒಂದು ಭಾಗದಷ್ಟು ರೆಸಿಡ್ಯುಯಮ್ ಪುಡಿ ಸಿಗುತ್ತೆ, ಅದೇ ಮುಂದಿನ ವಸ್ತುವಿಗೆ ಕಚ್ಚಾ ಸಾಮಗ್ರಿ. ಐದು ಬೇಡದವು ಸೇರಿ ಅದೇ ಬೆಲೆಯ ಒಂದು ಬೇಕಾದದ್ದು. ದಿನ ಎಣಿಸೋ ಗೋಳೇ ಇಲ್ಲ.

ಹಳೇದಾಳ

ಗೋಳಿಲ್ಲ ಸರಿ, ರುಚಿಯೂ ಇಲ್ಲ. ಅದು ಅಂಗಡಿಯನ್ನೇ ಬೆನ್ನ ಮೇಲೆ ಹೊತ್ತುಕೊಂಡು ತಿರುಗಿದ ಹಾಗೆ.

ಋತುಮಾನ

ದಿನ ಎಣಿಸುವುದೇ ಆಟವಾಗಿರುವ ವ್ಯವಸ್ಥೆಯನ್ನೂ ಒಮ್ಮೆ ನೋಡಿ: ಆರ್ಸ್ ಮ್ಯಾಜಿಕಾ ಅನ್ನೋ ಮಂತ್ರವಾದಿಗಳ ಆಟ, ಐದನೇ ಆವೃತ್ತಿ (2004). ಅಲ್ಲಿ ಅಳತೆ ದಿನವಲ್ಲ, ಋತು, ವರ್ಷಕ್ಕೆ ನಾಲ್ಕು. ಹೊನ್ನು ಬಹುತೇಕ ಲೆಕ್ಕಕ್ಕೇ ಇಲ್ಲ, ಬೇಕಾಗಿರುವುದು ವಿಸ್, ಅಂದರೆ ಗಟ್ಟಿಯಾದ ಮಂತ್ರಶಕ್ತಿ. ಅದನ್ನು ಎಣಿಸುವುದು ಪಾನ್ ಲೆಕ್ಕದಲ್ಲಿ.

ಲ್ಯಾಬ್ ಟೋಟಲ್ (ಪ್ರಯೋಗಶಾಲೆಯಲ್ಲಿನ ಒಟ್ಟು ಬಲ) = ಟೆಕ್ನಿಕ್ (ಮಂತ್ರ ಮಾಡುವ ಕ್ರಿಯೆ) + ಫಾರ್ಮ್ (ಅದು ತಾಗುವ ವಸ್ತು) + ಇಂಟೆಲಿಜೆನ್ಸ್ + ಮ್ಯಾಜಿಕ್ ಥಿಯರಿ + ಆ ಜಾಗದ ಆರಾ (ಮಂತ್ರದ ಪ್ರಭಾವ). ಅದು 32 ಅಂತ ಇಟ್ಟುಕೊಳ್ಳಿ, ತುಂಬಬೇಕಾದ ಪರಿಣಾಮದ ಲೆವೆಲ್ 15.

ಲೆಸ್ಸರ್ ಎನ್‌ಚಾಂಟ್‌ಮೆಂಟ್ (ಒಂದೇ ಶಕ್ತಿ ತುಂಬುವ ಚಿಕ್ಕ ವಿಧಾನ) ಆದರೆ ಟೋಟಲ್ ಪರಿಣಾಮದ ಎರಡರಷ್ಟಿರಬೇಕು: 30 ಬೇಕು, 32 ಇದೆ. ಒಂದೇ ಋತು, ಪ್ರತಿ 10 ಲೆವೆಲ್‌ಗೆ ಒಂದು ಪಾನ್, ಮೇಲಕ್ಕೆ ಸರಿಹೊಂದಿಸಿದರೆ 2 ಪಾನ್. ವಸ್ತು ಶಾಶ್ವತ, ಆದರೆ ಅದರಲ್ಲಿ ಇನ್ನೇನೂ ತುಂಬಲಾಗದು. ವಿಸ್ ಇಲ್ಲವೇ? ಚಾರ್ಜ್ ಇರುವ ವಸ್ತು ಮಾಡಿ: ಟೋಟಲ್ ಪರಿಣಾಮವನ್ನು ಮೀರಿದ ಪ್ರತಿ ಐದಕ್ಕೆ ಅಥವಾ ಅದರ ಭಾಗಕ್ಕೆ ಒಂದು ಚಾರ್ಜ್. 32ರಲ್ಲಿ 15 ಕಳೆದರೆ 17, ಅಂದರೆ 4 ಚಾರ್ಜ್, ವಿಸ್ ಖರ್ಚು ಸೊನ್ನೆ.

ಡಿ ಅಂಡ್ ಡಿಗೆ ತರಬೇಕಾದ್ದು ಈ ಆಯ್ಕೆ. ದುಬಾರಿ ಸಾಮಗ್ರಿ ಇದ್ದವನಿಗೆ ಶಾಶ್ವತ ವಸ್ತು, ಇಲ್ಲದವನಿಗೆ ಅದೇ ಸಮಯದಲ್ಲಿ ನಾಲ್ಕು ಸಲ ಉರಿದು ಆರುವ ಕತ್ತಿ. ಎರಡೂ ನ್ಯಾಯ, ಯಾರಿಗೂ ಬರಿಗೈ ಇಲ್ಲ.

ಲೆಕ್ಕದಪುಸ್ತಕ

ನಾಲ್ಕು ಚಾರ್ಜ್‌ನ ಕತ್ತಿ, ಇದು ಚೆನ್ನಾಗಿದೆ.

ಕುಲುಮೆಕಿಡಿ, ಯಾವ ನಿಯಮ ಹಿಡಿದರೂ ಮಾರಾಟದ ಕಡೆ ಒಮ್ಮೆ ನೋಡಿ. 2017ರಲ್ಲಿ ಅನ್‌ಕಾಮನ್ ವಸ್ತು ಮಾಡೋಕೆ 200 ಹೊನ್ನು, ಮಾರುವ ಮೂಲಬೆಲೆ 400. ರೇರ್‌ಗೆ 2,000, ಮಾರೋದು 4,000. ಪರ್ಸುಯೇಷನ್ (ಮಾತಿನಿಂದ ಒಪ್ಪಿಸುವ ದಾಳ) 10 ಅಥವಾ ಕೆಳಗೆ ಬಿದ್ದರೆ ಅರ್ಧ ಬೆಲೆ, 11ರಿಂದ 20ಕ್ಕೆ ಪೂರ್ತಿ, 21 ಅಥವಾ ಮೇಲೆ ಬಿದ್ದರೆ ಒಂದೂವರೆ ಪಟ್ಟು. ಕೆಟ್ಟ ದಾಳ ಬಿದ್ದರೂ ಹಾಕಿದ 200 ವಾಪಸ್, ಮಾರಲು ಹೋದ ಒಂದು ವಾರ ಮತ್ತು 25 ಹೊನ್ನು ಮಾತ್ರ ನಷ್ಟ. ಒಳ್ಳೆ ದಾಳ ಬಿದ್ದರೆ 600. ಮಾತು ಬಲ್ಲ ಬಾರ್ಡ್ (ಹಾಡುಗಾರ ಪಾತ್ರ) ಒಬ್ಬ ಸಿಕ್ಕರೆ ತಂಡ ಸಾಹಸ ಬಿಟ್ಟು ವ್ಯಾಪಾರಕ್ಕೆ ಇಳಿಯುತ್ತೆ. ಇದನ್ನು ಮುಚ್ಚಿ: ಸ್ವಂತ ತಯಾರಿಕೆಗೆ ತಯಾರಿಕೆಯ ಖರ್ಚಿಗಿಂತ ಹೆಚ್ಚು ಬೆಲೆ ಸಿಗೋದಿಲ್ಲ ಅಂತ ಮೊದಲೇ ಹೇಳಿಬಿಡಿ.

ಕುಲುಮೆಕಿಡಿ

ಇಷ್ಟೆಲ್ಲ ಓದಿ ಹೀಗೆ ಬರೆದಿದ್ದೀನಿ, ತಪ್ಪು ಹಿಡೀರಿ.

ದಿನ ಮತ್ತು ಹೊನ್ನು 2024ರ ಕೋಷ್ಟಕ. ಆರ್ಕಾನಾ ಮತ್ತು ಸಲಕರಣೆ ಎರಡೂ ಬೇಕು, ಆದರೆ ಒಬ್ಬರಲ್ಲೇ ಇರಬೇಕಾಗಿಲ್ಲ: ವಿಝರ್ಡ್, ಫೈಟರ್ ಜೊತೆಯಾಗಿ ಕೂತರೆ ನಡೆಯುತ್ತೆ. ಎಷ್ಟು ಜನ ಇದ್ದಾರೋ ಅಷ್ಟರಿಂದ ದಿನ ಭಾಗಿಸೋದು. ರೇರ್‌ಗೆ 2017ರ ಹಾಗೆ ಒಂದು ಸಾಮಗ್ರಿ ಬೇಕು, ಹೇಗೆ ತಂದರೂ ಸರಿ. ಸಾಮಗ್ರಿ ಇಲ್ಲದಿದ್ದರೆ ನಾಲ್ಕು ಚಾರ್ಜ್‌ನ ಕತ್ತಿ, ಮುಗಿದ ಮೇಲೆ ಸಾದಾ ಕಬ್ಬಿಣ. ಸ್ವಂತ ತಯಾರಿಕೆ ಮಾರಿದರೆ ಖರ್ಚು ಮಾತ್ರ ವಾಪಸ್.

ಮಸಿಕುಡಿಕೆ

ಎರಡು ತೂತು.

ಒಂದು, ಇಬ್ಬರಿಂದ ಭಾಗಿಸಿದರೆ ಕತ್ತಿ 25 ದಿನ, ನಾಲ್ವರೂ ಕೂತರೆ 12.5 ದಿನ. ಅರವತ್ತು ದಿನದಲ್ಲಿ ನಾಲ್ಕು ರೇರ್ ವಸ್ತು, ಹಣ ಮಾತ್ರ ಅಡ್ಡಿ. ನೀವು ಅರ್ಹತೆಯನ್ನೇ ಇಬ್ಬರಿಗೆ ಹಂಚಿದ್ದೀರಿ, ಆದ್ದರಿಂದ ಆ ಇಬ್ಬರು ಸೇರಿ ಒಬ್ಬ ತಯಾರಕ ಅಂತ ಎಣಿಸಿ. ಪೂರ್ತಿ 50 ದಿನ, ಇಬ್ಬರೂ ಇರಲೇಬೇಕು. ಎರಡೂ ಅರ್ಹತೆ ತಾನೊಬ್ಬನೇ ಪೂರೈಸುವ ಇನ್ನೊಬ್ಬ ಬಂದರೆ ಮಾತ್ರ ಭಾಗಿಸಿ.

ಆಗ ವಿಝರ್ಡ್‌ಗೆ ಕತ್ತಿಗೆ 50, ವ್ಯಾಂಡ್‌ಗೆ 10. ಅರವತ್ತಕ್ಕೆ ಅರವತ್ತು, ಒಂದು ದಿನವೂ ಮಿಕ್ಕಲ್ಲ, ಅವನಿಗೆ ಮರಕೆತ್ತನೆ ಬರಬೇಕು ಅನ್ನೋದು ಬೇರೆ. ಜಯಂಟ್‌ನ ಕುಲುಮೆಗೆ ಹೋಗಿಬರೋಕೆ ದಿನ ಎಲ್ಲಿಂದ ತರ್ತೀರಿ? ಕತ್ತಿಯೋ ವ್ಯಾಂಡೋ ಅಂತ ಅವರೇ ಆರಿಸಲಿ. ಆ ಜಗಳಕ್ಕೇ ತಾನೆ ಕ್ಯಾಲೆಂಡರ್ ಇಡೋದು.

ಎರಡು, ಕ್ಲೆರಿಕ್. ಎಂಟು ಪೋಷನ್‌ಗೆ ಎಂಟು ದಿನ ಸರಿ, ಉಳಿದ 52 ದಿನ ಅವನು ಸುಮ್ಮನೆ ಕೂರ್ತಾನಾ? ಹಣ ಇದ್ದರೆ 60 ದಿನಕ್ಕೆ 60 ಪೋಷನ್, 1,500 ಹೊನ್ನು. ಕತ್ತಿ ಬೇಡ ಅಂತ ತಂಡ ನಿರ್ಧರಿಸಿದರೆ ಅದೇ ಆಗೋದು. ಒಂದು ಜಾಗದಲ್ಲಿ ತಿಂಗಳಿಗೆ ಇಷ್ಟೇ ಮೂಲಿಕೆ ಸಿಗುತ್ತೆ ಅಂತ ಮಿತಿ ಹಾಕಿ. ಆರು ಅಂದುಕೊಳ್ಳಿ, ಅರವತ್ತು ದಿನಕ್ಕೆ ಹನ್ನೆರಡು.

ಕುಲುಮೆಕಿಡಿ

ಇಬ್ಬರನ್ನ ಒಬ್ಬ ಅಂತ ಎಣಿಸೋದು, ಮೂಲಿಕೆ ಮಿತಿ, ಎರಡೂ ಹಾಕಿದೆ. ಕೊನೇದಾಗಿ ಒಂದು: ಕತ್ತಿ 31 ದಿನ ಆಗಿದೆ, ನಡುವೆ ಎಲ್ಲೋ ಓಡಬೇಕಾಯ್ತು. ಆಗ?

ಲೆಕ್ಕದಪುಸ್ತಕ

ನಿಮ್ಮ ನಿಯಮದಲ್ಲಿ ದಿನಗಳು ಒಂದರ ಹಿಂದೊಂದು ಬರಬೇಕಾಗಿಲ್ಲ ಅಂತ ಬರೆದುಕೊಳ್ಳಿ. ಪಾತ್ರದ ಹಾಳೆಯ ಅಂಚಲ್ಲಿ "ಕತ್ತಿ 31/50" ಅಂತ ಗುರುತು ಹಾಕಿದರೆ ಸಾಕು.

ಹಳೇದಾಳ

ಆದರೆ 3.5 ಅಥವಾ ಪಾತ್‌ಫೈಂಡರ್ ಒಂದನೇ ಆವೃತ್ತಿಯಿಂದ ಏನಾದ್ರೂ ಕಿತ್ತು ತರೋದಾದರೆ ಎಚ್ಚರ. ಅಲ್ಲಿ ಒಂದು ಸಲಕ್ಕೆ ಒಂದೇ ವಸ್ತು. ಅರ್ಧ ಮಾಡಿದ ಕತ್ತಿಯನ್ನು ಪಕ್ಕಕ್ಕಿಟ್ಟು ದಾರಿಯಲ್ಲಿ ಒಂದೇ ಒಂದು ಸ್ಕ್ರೋಲ್ ಬರೆಯೋಕೆ ಕೂತರೂ ಕತ್ತಿಗೆ ಹಾಕಿದ ಸಾಮಗ್ರಿ ಅಷ್ಟೂ ಹಾಳು. ಹನ್ನೆರಡೂವರೆ ಹೊನ್ನಿನ ಸ್ಕ್ರೋಲ್‌ಗೆ ನಾಲ್ಕು ಸಾವಿರ ಹೊನ್ನಿನ ಕತ್ತಿ. ಪಾತ್‌ಫೈಂಡರ್‌ನಲ್ಲಿ ಪ್ರಯಾಣದ ನಡುವೆ ದಿನಕ್ಕೆ ನಾಲ್ಕು ಗಂಟೆ ಕೂರಬಹುದು, ಲೆಕ್ಕಕ್ಕೆ ಬರೋದು ಎರಡೇ ಗಂಟೆ. ಆ ಎರಡು ಗಂಟೆಯೂ ಕತ್ತಿಗೇ ಹೋಗಬೇಕು.